ಬಸ್ಸಿನ ಹಿಂದೆ ಒಂದು ಖಾಲಿ ಸೀಟು

ನಿನ್ನೆ ಛತ್ರಿ ಹುಡುಕಲು ಹೋದವನಿಗೆ ಸ್ಟೋರ್ ರೂಮಿನ ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಒಂದು ಚಾಪೆ ಸಿಕ್ಕಿತು. ಛತ್ರಿ ಸಿಗಲಿಲ್ಲ, ಅದು ಬೇರೆ ವಿಷಯ. ಚಾಪೆಯನ್ನು ಬಿಡಿಸಿ ನೋಡಿದೆ. ಅಂಚು ಪೂರ್ತಿ ಹರಿದಿದೆ, ಒಂದು ಬದಿಯಲ್ಲಿ ಇಲಿ ತನ್ನ ಪಾಲು ತೆಗೆದುಕೊಂಡಿದೆ, ಉದ್ದಕ್ಕೂ ಕಪ್ಪು ಎಣ್ಣೆಯ ಕಲೆ. ಕಲೆಯ ನಡುವೆ ಮನುಷ್ಯನ ಬೆನ್ನಿನಷ್ಟು ಅಗಲದ ಜಾಗ ಮಾತ್ರ ಸ್ವಚ್ಛವಾಗಿ ಉಳಿದಿದೆ. ಅದು ನನ್ನ ಬೆನ್ನು. ಮಸ್ಕತ್ತಿನ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಎಷ್ಟೋ ಮಧ್ಯಾಹ್ನಗಳನ್ನು ನಾನು ಈ ಚಾಪೆಯ ಮೇಲೆ, ಉಡುಪಿಯ ಬನ್ನಂಜೆಯ ನಮ್ಮ ಮನೆಯ ಅಂಗಳದಲ್ಲಿ, ಒಂದು ಹಳೆಯ ಕಾರಿನ ಕೆಳಗೆ ಅಂಗಾತ ಮಲಗಿ ಕಳೆದಿದ್ದೇನೆ.

ಕಾರಿನ ಕೆಳಗೆ ಮಲಗಿದವನನ್ನು ಕಂಡರೆ ಜನ ಭಾರೀ ಕೆಲಸಗಾರ ಎಂದುಕೊಳ್ಳುತ್ತಾರೆ. ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಅಲ್ಲಿ ಕೆಲಸ ಕಾಲುಭಾಗ, ಕನಸು ಮುಕ್ಕಾಲು. ಸ್ಪ್ಯಾನರ್ ಹಿಡಿದ ಕೈಯನ್ನು ಎದೆಯ ಮೇಲಿಟ್ಟು ಸುಮ್ಮನೆ ಮೇಲೆ ನೋಡುವುದು. ಒಂದು ಬೋಲ್ಟಿನ ತುದಿಯಲ್ಲಿ ಎಣ್ಣೆಯ ಹನಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ಈಗ ಬಿದ್ದೀತು, ಇನ್ನೇನು ಬಿದ್ದೀತು ಎಂದು ಕಾಯುತ್ತಿರುವಾಗ ಕಣ್ಣು ಮುಚ್ಚುತ್ತದೆ. ಕಣ್ಣು ತೆರೆದಾಗ ಹನಿ ಕೆನ್ನೆಯ ಮೇಲಿರುತ್ತದೆ. ಪಕ್ಕದ ಹಲಸಿನ ಮರದ ನೆರಳು ಅಷ್ಟರಲ್ಲಿ ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಹೋಗಿರುತ್ತದೆ.

ಅಲ್ಲಿಂದ ಲೋಕ ಬೇರೆಯೇ ಕಾಣುತ್ತದೆ. ಮನುಷ್ಯರಿಗೆ ಮೊಣಕಾಲಿನಿಂದ ಮೇಲೆ ಏನೂ ಇಲ್ಲ. ಅಂಚೆಯವರ ಚಪ್ಪಲಿ ಗೇಟಿನ ಬಳಿ ಒಂದು ಕ್ಷಣ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸುವುದು ಕೂಡ ಕಾಣುತ್ತದೆ. ಬೆಕ್ಕು ಮಾತ್ರ ಪೂರ್ತಿ ಕಾಣುತ್ತದೆ. ಅದು ನನ್ನ ಮುಖದ ಮಟ್ಟಕ್ಕೆ ಬಂದು, ಇವನಿಗೆ ಬೇರೆ ಕೆಲಸವಿಲ್ಲವೇ ಎಂಬಂತೆ ನೋಡಿ ಹೋಗುತ್ತದೆ.

ಈ ಕೆಳಗೆ ನುಗ್ಗುವ ಚಾಳಿ ನನಗೆ ಸಣ್ಣಂದಿನಿಂದಲೂ ಇದೆ. ಹಿರಿಯಡ್ಕದ ಅಜ್ಜಿಯ ಮನೆಯ ಚಾವಡಿಯಲ್ಲಿ ಒಂದು ಪತ್ತಾಯವಿತ್ತು. ಭತ್ತ ತುಂಬಿಸಿಡುವ ಮರದ ದೊಡ್ಡ ಪೆಟ್ಟಿಗೆ. ಗಿಡ್ಡ ಕಾಲುಗಳ ಮೇಲೆ ನಿಂತ ಅದರ ಅಡಿಯಲ್ಲಿ ಒಬ್ಬ ಹುಡುಗ ಹೊಟ್ಟೆ ಎಳೆದುಕೊಂಡು ನುಗ್ಗುವಷ್ಟು ಜಾಗ. ಶಾಲೆಗೆ ಹೋಗಲು ಮನಸ್ಸಿಲ್ಲದ ದಿನ ನನ್ನ ವಾಸ ಅಲ್ಲಿಯೇ. ಕೆಳಗೆ ಸಗಣಿ ಸಾರಿಸಿದ ನೆಲದ ತಂಪು, ಮೇಲೆ ಭತ್ತದ ಬೆಚ್ಚಗಿನ ವಾಸನೆ, ಹಲಗೆಯ ಸಂದಿನಿಂದ ಆಗಾಗ ಕುತ್ತಿಗೆಗೆ ಬೀಳುವ ಒಂದೊಂದು ಕಾಳು. ಅಜ್ಜಿಯ ಒಡೆದ ಹಿಮ್ಮಡಿ ಅತ್ತಿಂದಿತ್ತ ಓಡಾಡುತ್ತಾ ನನ್ನ ಹೆಸರು ಕೂಗುತ್ತಿದ್ದರೆ ನಾನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ಅಲ್ಲಿಯೇ ನಿದ್ದೆ ಹೋಗಿ, ಮನೆಯವರೆಲ್ಲ ಬಾವಿಗೆ ಇಣುಕಿ ನೋಡುವ ಹಾಗೆ ಮಾಡಿದ ಕೀರ್ತಿಯೂ ನನ್ನದು.

ಕಾರಿನ ವಿದ್ಯೆ ಹತ್ತಿದ್ದು ಮಸ್ಕತ್ತಿನಲ್ಲಿ. ನಾನು ಅಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್. ನನ್ನ ರೂಮಿನಲ್ಲಿದ್ದವನು ಕಾಪುವಿನ ಹಮೀದ್. ನಾವಿಬ್ಬರೂ ಸೇರಿ ಒಂದು ಹಳೆಯ ಸುಬಾರು ಕಾರು ತೆಗೆದುಕೊಂಡಿದ್ದೆವು. ನಮ್ಮೂರಿನ ರಸ್ತೆಗಳಲ್ಲಿ ನೀವು ಅದನ್ನು ನೋಡಿರಲಾರಿರಿ. ಅದರ ಎಂಜಿನ್ ನೆಟ್ಟಗೆ ನಿಲ್ಲುವುದಿಲ್ಲ, ಅಡ್ಡ ಮಲಗಿರುತ್ತದೆ. ಮಲಗಿಯೇ ಕೆಲಸ ಮಾಡುವ ಎಂಜಿನ್ ಕಂಡ ದಿನವೇ ನನಗೆ ಅದರ ಮೇಲೆ ಬಂಧುಪ್ರೀತಿ ಹುಟ್ಟಿತು. ಪ್ರತಿ ಶುಕ್ರವಾರ ಹಮೀದ್ ಮಸೀದಿಯಿಂದ ಬಂದು, ನಾನು ಮಾಡಿಟ್ಟ ಮೀನಿನ ಸಾರು ಉಂಡ ಮೇಲೆ ಇಬ್ಬರೂ ಕಟ್ಟಡದ ನೆರಳಿನಲ್ಲಿ ಹಳೆಯ ಕಾರ್ಪೆಟ್ ಹಾಸಿ ಅದರ ಕೆಳಗೆ ನುಗ್ಗುತ್ತಿದ್ದೆವು. ಬಿಚ್ಚುವವನು ಹಮೀದ್, ಟಾರ್ಚ್ ಹಿಡಿಯುವವನು ನಾನು. ಅವನು ಸೈಲೆನ್ಸರ್ ಬದಲಾಯಿಸಿದ, ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಎರಡು ಇಂಚು ಎತ್ತರಿಸಿದ, ಸ್ಟೀರಿಂಗಿಗೆ ಯಾರದೋ ಓಟದ ಕಾರಿನ ಚಕ್ರ ಹಾಕಿದ. ನಾನು ಟಾರ್ಚಿನ ಬೆಳಕನ್ನು ಕೆಲಸವಿರುವ ಜಾಗ ಬಿಟ್ಟು ಬೇರೆಲ್ಲ ಕಡೆ ಬೀರಿದೆ. “ನಿನ್ನ ಟಾರ್ಚಿಗೂ ನಿದ್ದೆ ಬರ್ತದಾ ಮಾರಾಯ?” ಎಂದು ಅವನು ಕೇಳಿದ್ದು ಎಷ್ಟು ಸಲವೋ.

ಹೀಗೆ ಟಾರ್ಚ್ ಹಿಡಿದೇ ಮೆಕ್ಯಾನಿಕ್ ಆದವನು ಊರಿಗೆ ಬಂದು ಏನು ಮಾಡಿಯಾನು? ಮಣಿಪಾಲದ ಒಬ್ಬ ಡಾಕ್ಟರರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಎಂಟುನೂರು ಸಿಸಿಯ ಪುಟ್ಟ ಕಾರನ್ನು ಎಳೆಸಿಕೊಂಡು ಬಂದೆ. ಬಿಳಿ ಬಣ್ಣ, ಬಾಗಿಲ ಕೆಳಗೆಲ್ಲ ತುಕ್ಕು. ನನ್ನ ಹೆಂಡತಿ ಶಶಿಕಲಾ ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು. ಮೂವತ್ತು ವರ್ಷ ಮಕ್ಕಳ ಕೈಕೆಲಸ ನೋಡಿದ ಕಣ್ಣಿನಿಂದ ಅವಳು ಕಾರಿಗೆ ಒಂದು ಸುತ್ತು ಬಂದು, ಪರವಾಗಿಲ್ಲ, ಕೈಗೆ ಕೆಲಸ ಬೇಕಲ್ಲ ಎಂದಳು.

ಕೈಗೆ ಕೆಲಸ ಸಿಕ್ಕಿತು, ಅಡುಗೆಮನೆಗೆ ಪಾತ್ರೆ ಕಡಿಮೆಯಾಯಿತು. ಕಾರ್ಬುರೇಟರಿನ ಸಣ್ಣ ಸಣ್ಣ ಭಾಗಗಳು ಸಾಸಿವೆಯ ಡಬ್ಬಿಗೆ ಹೋದವು. ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆದದ್ದು ಇಡ್ಲಿಯ ಪಾತ್ರೆಯಲ್ಲಿ. ಆ ವಾರ ಇಡ್ಲಿ ಆಗಲಿಲ್ಲ, ದೋಸೆ ಆಯಿತು. ಕಾರು ಉಸಿರಾಡತೊಡಗಿದ ಮೇಲೆ ನಾನು ಸುಧಾರಣೆಗೆ ಇಳಿದೆ. ಶಶಿಗೆ ಸೊಂಟನೋವು ಇದ್ದುದರಿಂದ ಮುಂದಿನ ಎಡಗಡೆಯ ಸೀಟನ್ನು ಪೂರ್ತಿ ಬಿಚ್ಚಿ, ಹಳೆಯ ಸ್ಪಂಜು ತೆಗೆದು, ತೆಂಗಿನ ನಾರಿನ ಮೇಲೆ ಬೂರುಗದ ಹತ್ತಿ ತುಂಬಿಸಿ, ಒಂದು ಅಂಗೈಯಷ್ಟು ಎತ್ತರಿಸಿದೆ. ಬಸ್ಸಿನ ಡ್ರೈವರಿನ ತಲೆಯ ಮೇಲೆ ತಿರುಗುವಂಥ ಸಣ್ಣ ಫ್ಯಾನನ್ನು ಅವಳ ಕಡೆಗೆ ಮುಖಮಾಡಿ ಕೂರಿಸಿದೆ. ಅವಳ ನೀರಿನ ಬಾಟಲಿಗೆ ಬಾಗಿಲಲ್ಲಿ ಒಂದು ಬಳೆ ಸಿಕ್ಕಿಸಿದೆ. ಪ್ರತಿ ಮಂಗಳವಾರ ಅವಳು ಕಾರ್ಕಳದ ಸರೋಜಕ್ಕನ ಮನೆಗೆ, ಅಂದರೆ ಅವಳ ದೊಡ್ಡಕ್ಕನ ಮನೆಗೆ ಹೋಗುತ್ತಾಳೆ. ಆ ಸೀಟು ಆ ದಾರಿಗೆಂದೇ ಮಾಡಿದ್ದು. ಮೊದಲ ಸಲ ಕೂತು, ಎರಡು ಸಲ ಹಾರಿ ನೋಡಿ, ಮನೆಯ ಸೋಫಾವನ್ನೂ ಹೀಗೆಯೇ ಮಾಡಿಕೊಡಬಹುದಲ್ವಾ ಎಂದು ಕೇಳಿದಳು. ನನಗೆ ಸಿಕ್ಕಿದ ಸರ್ಟಿಫಿಕೇಟುಗಳಲ್ಲಿ ಅದು ಒಂದೇ ಲೆಕ್ಕಕ್ಕೆ ಬರುವಂಥದ್ದು.

ಇನ್ನೊಂದು ಹೇಳಲು ಮರೆತೆ. ಕಾರನ್ನು ಜ್ಯಾಕ್ ಹಾಕಿ ಎತ್ತಿ ನಾನು ಅದರ ಕೆಳಗೆ ಇಡುತ್ತಿದ್ದದ್ದು ಕೆಂಪುಕಲ್ಲು. ನಮ್ಮ ಕಡೆ ಮನೆಯ ಗೋಡೆಯಿಂದ ಬಾವಿಯ ಕಟ್ಟೆಯವರೆಗೆ ಎಲ್ಲವೂ ಆ ಕಲ್ಲಿನದೇ. ಮನೆಯನ್ನೇ ಹೊರುವ ಕಲ್ಲು ಕಾರನ್ನು ಹೊರದೇ ಎಂಬುದು ನನ್ನ ವಾದ. ಶಶಿ ಆ ಕಲ್ಲುಗಳನ್ನು ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಆದರೆ ಆ ಮಧ್ಯಾಹ್ನಗಳಲ್ಲಿ ಚಹಾ ಮಾತ್ರ ಧಾರಾಳವಾಗಿ ಬರುತ್ತಿತ್ತು. ಎರಡು ಗಂಟೆಗೆ ಒಂದು, ಎರಡೂ ಮುಕ್ಕಾಲಿಗೆ ಒಂದು, ಇನ್ನು ಕಣ್ಣು ಅಂಟಿತು ಎನ್ನುವಷ್ಟರಲ್ಲಿ ಮತ್ತೊಂದು. ನನ್ನ ಹೆಂಡತಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ನಾನು ಕಾರಿನ ಕೆಳಗೆ ಮಲಗಿ ಹಿಗ್ಗುತ್ತಿದ್ದೆ.

ಆ ಪ್ರೀತಿಯ ಸೀಟಿಗೆ ನಾನು ಮಾಡಿದ ದ್ರೋಹವನ್ನು ಈಗ ಹೇಳಬೇಕು. ಒಂದು ಭಾನುವಾರ ಮುಂದಿನ ಎಡಗಾಲಿಯನ್ನು ಬಿಚ್ಚಿ, ಬೇರಿಂಗಿಗೆ ಗ್ರೀಸ್ ತುಂಬಿ, ಗಾಲಿಯನ್ನು ಮತ್ತೆ ಕೂರಿಸಿದೆ. ನಾಲ್ಕು ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸಿದೆ. ಕಾರು ಇಳಿಸಿದ ಮೇಲೆ ಸ್ಪ್ಯಾನರಿನಲ್ಲಿ ಬಿಗಿ ಮಾಡಬೇಕು, ಅದು ಕ್ರಮ. ಅದಕ್ಕೆ ಮುಂಚೆ ಕೆಳಗೊಮ್ಮೆ ನೋಡಿಬಿಡೋಣವೆಂದು ಚಾಪೆಯ ಮೇಲೆ ಮಲಗಿದೆ. ಮುಂದಿನದು ನಿಮಗೆ ಗೊತ್ತೇ ಇದೆ. ಎದ್ದಾಗ ಹಮೀದನ ಫೋನು ಬರುತ್ತಿತ್ತು. ಅವನೂ ಆಗ ಊರಿಗೆ ಬಂದಿದ್ದ, ಮಗಳ ಮಗುವನ್ನು ನೋಡಲು ಬನ್ನಿ ಎಂದು ಕರೆದಿದ್ದ. ತಡವಾಯಿತೆಂದು ಅವಸರದಲ್ಲಿ ಕಾರು ಇಳಿಸಿ, ಕೈ ತೊಳೆದು, ಶಶಿಯನ್ನು ಕೂರಿಸಿಕೊಂಡು ಹೊರಟೆ.

ಕಾಪುವಿಗೆ ಹೋಗುವಾಗಲೇ ಎಡಗಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಶಶಿ ಕೇಳಿದಳು. ಹೊಸ ಗ್ರೀಸು ಹೊಂದಿಕೊಳ್ಳುವವರೆಗೆ ಹಾಗೆಯೇ ಎಂದು ನಾನು ವಿವರವಾಗಿ ಪಾಠ ಮಾಡಿದೆ. ಟೀಚರಿಗೆ ಪಾಠ ಮಾಡುವ ಸಂತೋಷ ಬೇರೆ. ವಾಪಸು ಬರುವಾಗ, ಹಮೀದನ ಮನೆಯ ಒಳರಸ್ತೆ ಮುಗಿಯುವ ಮೊದಲೇ, ಒಂದು ಗಾಲಿ ನಮ್ಮನ್ನು ದಾಟಿ ಮುಂದೆ ಹೋಯಿತು. ಯಾರ ಗಾಲಿಯಪ್ಪಾ ಇದು ಎಂದು ನಾನು ಕುತೂಹಲದಿಂದ ನೋಡುತ್ತಿರುವಾಗಲೇ ಕಾರು ಎಡಕ್ಕೆ ಕುಸಿದು ರಸ್ತೆಗೆ ಮೂತಿ ಉಜ್ಜಿ ನಿಂತಿತು. ಗಾಲಿ ತೆಂಗಿನ ತೋಟಕ್ಕೆ ಇಳಿದು, ಕಟ್ಟಿಹಾಕಿದ್ದ ಒಂದು ಆಡಿನ ಸುತ್ತ ತಿರುಗಿ ಮಲಗಿತು. ನಗು ಬರುತ್ತದೆ, ನಗಿ. ನಾನೂ ಅರ್ಧ ನಕ್ಕು ಪಕ್ಕಕ್ಕೆ ತಿರುಗಿದೆ. ಶಶಿಯ ಹಣೆಯಿಂದ ರಕ್ತ ಹುಬ್ಬಿನ ಮೇಲೆ ಇಳಿಯುತ್ತಿತ್ತು.

ಎರಡು ಹೊಲಿಗೆ. ಅಷ್ಟೇ ಎಂದು ಎಲ್ಲರೂ ಹೇಳಿದರು. ಶಶಿಯೂ ಹಾಗೆಯೇ ಹೇಳಿದಳು. ಅವಳು ಬೈದಿದ್ದರೆ ನನಗೆ ಬದುಕಿದ ಹಾಗಾಗುತ್ತಿತ್ತು. ಬೈಯಲಿಲ್ಲ. ಮುಂದಿನ ಮಂಗಳವಾರ ನಾನು ಕಾರು ಹೊರಗೆ ತೆಗೆದು ನಿಲ್ಲಿಸಿದಾಗ ಅವಳು ಬುತ್ತಿಯ ಚೀಲ ಹಿಡಿದು, ಬಸ್ಸುಂಟಲ್ಲ ಎಂದಳು, ಗೇಟು ದಾಟಿ ನಡೆದುಹೋದಳು. ಅದರ ಮುಂದಿನ ಮಂಗಳವಾರವೂ ಬಸ್ಸು. ಪೇಟೆಗೆ ರಿಕ್ಷಾ. ಮಣಿಪಾಲದ ಮದುವೆಗೆ ಪಕ್ಕದ ಮನೆಯವರ ಕಾರು. ನಾನು ಹತ್ತಿ ತುಂಬಿ ಎತ್ತರಿಸಿದ ಸೀಟಿನಲ್ಲಿ ಬೆಕ್ಕು ಮಲಗತೊಡಗಿತು. ನನ್ನ ಕೆಲಸದ ಮೇಲೆ ನನಗೆ ಮೊದಲೇ ಹೆಚ್ಚು ನಂಬಿಕೆಯಿರಲಿಲ್ಲ. ಇದ್ದ ನಂಬಿಕೆಯೆಲ್ಲ ಅವಳದ್ದು, ಅದು ಹೊರಟುಹೋಗಿತ್ತು. ಇನ್ನೊಮ್ಮೆ ಅವಳು ಆ ಸೀಟಿನಲ್ಲಿ ಕೂತರೆ ಸಾಕು, ಬೇರೇನೂ ಬೇಡ ಎಂದು ನನಗೆ ಹಗಲೂ ರಾತ್ರಿಯೂ ಅನ್ನಿಸುತ್ತಿತ್ತು.

ಪ್ರಾಯಶ್ಚಿತ್ತಕ್ಕೆ ನಾನು ಹುಡುಕಿದ ದಾರಿ ಮತ್ತೂ ಕಾರಿನ ಕೆಳಗೆ ಹೋಗುವುದು. ಬ್ರೇಕು ಬಿಚ್ಚಿ ಕಟ್ಟಿದೆ. ನಟ್ಟುಗಳನ್ನು ದಿನಕ್ಕೆರಡು ಸಲ ಬಿಗಿ ಮಾಡಿದೆ. ಕೊನೆಗೆ ಉಳಿದದ್ದು ತುಕ್ಕು. ಕಡಲ ಗಾಳಿ ಕಾರಿನ ತಳವನ್ನು ತಿನ್ನುತ್ತಿತ್ತು. ಹಮೀದನನ್ನು ಕೇಳಿದೆ. ಕಾಪುವಿನ ದೋಣಿಯವರು ಮರಕ್ಕೆ ಏನು ಬಳಿಯುತ್ತಾರೋ ಅದನ್ನೇ ಬಳಿ ಎಂದು ಒಂದು ಕ್ಯಾನ್ ಕಳುಹಿಸಿದ. ಗೇರುಬೀಜದ ಚಿಪ್ಪಿನಿಂದ ತೆಗೆಯುವ ಕಪ್ಪು ಎಣ್ಣೆ. ಉಪ್ಪುನೀರಿನಲ್ಲಿ ದೋಣಿಯನ್ನು ಉಳಿಸುವ ಎಣ್ಣೆ ಅಂಗಳದಲ್ಲಿ ನಿಂತ ಕಾರನ್ನು ಉಳಿಸದೇ? ಕೈಗವಸು ಹಾಕು, ಸೈಲೆನ್ಸರ್ ಮುಟ್ಟಬೇಡ ಎಂದು ಅವನು ಫೋನಿನಲ್ಲಿ ಎರಡು ಸಲ ಹೇಳಿದ್ದನಂತೆ. ನಾನು ಒಂದು ಸಲವೂ ಕೇಳಿಸಿಕೊಂಡ ನೆನಪಿಲ್ಲ. ಬರಿಗೈಯಲ್ಲಿ ಬ್ರಶ್ಶು ಹಿಡಿದು, ತಳದಲ್ಲಿ ಏನೇನಿದೆಯೋ ಎಲ್ಲದಕ್ಕೂ ಬಳಿದೆ. ಸೈಲೆನ್ಸರಿಗೆ ಎರಡು ಕೋಟು.

ಮರುದಿನ ಅಂಗೈಯಿಂದ ಮೊಣಕೈವರೆಗೆ ಬೊಬ್ಬೆ. ಗೇರುಬೀಜ ಸುಟ್ಟು ತಿಂದು ತುಟಿ ಸುಟ್ಟುಕೊಂಡು ಬೆಳೆದ ಊರಿನವನು ನಾನು, ಆ ಎಣ್ಣೆಯ ಗುಣ ಗೊತ್ತಿರದವನಲ್ಲ. ಶಶಿ ಎರಡು ಕೈಗೂ ತೆಂಗಿನೆಣ್ಣೆ ಹಚ್ಚಿ, ಹಳೆಯ ಪಂಚೆ ಹರಿದು ಸುತ್ತಿದಳು. ಊಟದ ಹೊತ್ತಿಗೆ ಮೀನಿನ ಮುಳ್ಳು ತೆಗೆದು ತಟ್ಟೆಗಿಟ್ಟಳು. ಅವಳ ಹುಬ್ಬಿನ ಮೇಲಿನ ಗೆರೆ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಕ್ಷಮಿಸು ಎಂದು ಹೇಳಬೇಕೆಂದುಕೊಂಡೆ. ಇನ್ನು ಸ್ವಲ್ಪ ಅನ್ನ ಹಾಕು ಎಂದೆ.

ಕೈ ಗುಣವಾದ ಮೇಲಿನ ಮೊದಲ ಮಂಗಳವಾರ ನನಗೆ ಏನಾಯಿತೋ ಗೊತ್ತಿಲ್ಲ. ಅವಳು ಬಸ್ಸು ಹತ್ತಿದಳು, ನಾನು ಖಾಲಿ ಸೀಟಿನೊಂದಿಗೆ ಬಸ್ಸಿನ ಹಿಂದೆ ಹೊರಟೆ. ಕಾರ್ಕಳದವರೆಗೆ ಹೋಗಿ ತೋರಿಸಿದರೆ ಬರುವಾಗಲಾದರೂ ಕೂತಾಳೆಂಬ ಆಸೆ. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ಹೋಗುವುದೆಂದರೆ ಏನೆಂದು ನಿಮಗೆ ಗೊತ್ತಲ್ಲ. ಮಣಿಪಾಲದ ಏರಿನಲ್ಲಿ ಅದು ಮಾಯವಾಯಿತು. ಪರ್ಕಳದಲ್ಲಿ ಜನ ಹತ್ತಿಸಿಕೊಳ್ಳುವಾಗ ಹಿಡಿದೆ. ಹಿಂದಿನ ಗಾಜಿನಲ್ಲಿ ಶಶಿಯ ತಲೆ ಕಾಣುತ್ತಿತ್ತು. ಆತ್ರಾಡಿಯ ಬಳಿ ಆ ತಲೆ ಹಿಂದಕ್ಕೆ ತಿರುಗಿತು. ನಾನು ಕೈಬೀಸಿದೆ. ಅವಳೂ ಕೈ ಎತ್ತಿದಳು, ಜೋರಾಗಿ ಬೀಸತೊಡಗಿದಳು. ಮನಸ್ಸು ಕರಗಿತೆಂದು ನನಗೆ ಕಣ್ಣು ಮಂಜಾಯಿತು. ಕಾರಿನೊಳಗೆ ಎಲ್ಲಿಂದಲೋ ಗೇರುಬೀಜ ಸುಡುವ ವಾಸನೆ ಬಂತು. ಅಜ್ಜಿಯ ಮನೆಯ ಗುಡ್ಡ, ಒಣಗಿದ ತೆಂಗಿನ ಗರಿಯ ಬೆಂಕಿ, ಚಟಪಟ ಸಿಡಿಯುವ ಬೀಜ, ಮಸಿ ಹಿಡಿದ ಬೆರಳು. ಹಿರಿಯಡ್ಕ ಹತ್ತಿರ ಬಂತಲ್ಲ, ನೆನಪಿಗೂ ವಾಸನೆ ಇರುತ್ತದೆ ಎಂದುಕೊಂಡೆ.

ಹಿರಿಯಡ್ಕ ಪೇಟೆಯ ತುದಿಯಲ್ಲಿ ಬಸ್ಸು ನಿಂತಿತು. ಶಶಿ ಇಳಿದಳು. ನಾನು ಹಿಂದೆ ಕಾರು ನಿಲ್ಲಿಸಿ, ಕೂದಲು ಸರಿಮಾಡಿಕೊಂಡು ಕೂತೆ. ಅವಳು ಚೀಲವನ್ನು ಎದೆಗೊತ್ತಿಕೊಂಡು ಹೆಚ್ಚುಕಡಿಮೆ ಓಡುತ್ತಾ ಬರುತ್ತಿದ್ದಳು. ಬಸ್ಸು ಅವಳನ್ನು ಬಿಟ್ಟು ಹೋಯಿತು.

“ಇಳಿಯಿರಿ. ಮೊದಲು ಕೆಳಗೆ ಇಳಿಯಿರಿ ನೀವು,” ಎಂದು ಬಾಗಿಲು ಎಳೆದಳು. “ಅಷ್ಟು ಹೊಗೆ ಬರ್ತಾ ಉಂಟು, ನೀವು ಎಂತ ಒಳಗೆ ಕೂತದ್ದು?”

ಇಳಿದು ನೋಡಿದರೆ ಕಾರಿನ ಅಡಿಯಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಬಿಸಿಯಾದ ಸೈಲೆನ್ಸರಿನ ಮೇಲೆ ನನ್ನ ಎರಡು ಕೋಟು ಎಣ್ಣೆ ಉರಿದು ಹೋಗುತ್ತಿತ್ತು, ಬೇರೇನೂ ಅಲ್ಲ. ಹತ್ತಿರದ ಅಂಗಡಿಯವರು ಒಂದು ಬಾಲ್ದಿ ನೀರು ತಂದು ದೂರದಲ್ಲಿಯೇ ನಿಂತರು. ನಾನು ಎಲ್ಲರಿಗೂ ಗೇರೆಣ್ಣೆಯ ವಿಷಯ ವಿವರಿಸಿದೆ. ಅವರು ನಕ್ಕು, ಬಾಲ್ದಿ ಎತ್ತಿಕೊಂಡು ಹೋದರು. ಶಶಿ ನಗಲಿಲ್ಲ. ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತು, ಇಷ್ಟು ದಿನ ಗಂಟಲಲ್ಲೇ ಇದ್ದದ್ದನ್ನು ಹೇಳಿದೆ. ಅಂದು ನಟ್ಟು ಬಿಗಿ ಮಾಡದೆ ಮಲಗಿದ್ದು ನನ್ನ ತಪ್ಪು, ನಿನ್ನ ಹಣೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಇನ್ನೂ ಸಿಟ್ಟಿದ್ದರೆ ಬೈದುಬಿಡು ಎಂದೆ.

“ಸಿಟ್ಟು ಆಗಲೇ ಹೋಗಿದೆ,” ಎಂದಳು. ಸ್ವಲ್ಪ ಹೊತ್ತು ಹೊಗೆಯನ್ನು ನೋಡಿದಳು. “ನನಗೆ ಹೆದರಿಕೆ. ಅಡುಗೆಮನೆಯ ಕಿಟಕಿಯಿಂದ ನಿಮ್ಮ ಎರಡು ಪಾದ ಮಾತ್ರ ಕಾಣ್ತದೆ. ದಿನಾ ಮಧ್ಯಾಹ್ನ ನಾನು ಅದನ್ನೇ ನೋಡುವುದು. ನೀವು ನಿದ್ದೆ ಮಾಡಿದರೆ ಅದು ಅಲ್ಲಾಡುವುದಿಲ್ಲ. ಆ ಕಲ್ಲು ಜಾರಿತೋ ಎಂತ ಕತೆಯೋ ಅಂತ ನಾನು ಚಹಾ ಹಿಡಿದುಕೊಂಡು ಬರುವುದು.”

ಕುಡಿದ ಅಷ್ಟೂ ಚಹಾ ಒಟ್ಟಿಗೆ ನೆನಪಾಯಿತು.

“ನಾನು ಕೂತರೆ ನೀವು ಮತ್ತೂ ಅದರ ಅಡಿಗೆ ಹೋಗ್ತೀರಿ. ಕೂರದಿದ್ದರೆ ಒಂದು ದಿನ ಬಿಟ್ಟುಬಿಡ್ತೀರಿ ಅಂತ ಎಣಿಸಿದೆ,” ಎಂದಳು. “ನೀವು ಬಿಡುವ ಜನ ಅಲ್ಲ.”

ಕಲ್ಲು ಇನ್ನು ಬೇಡ, ಕಬ್ಬಿಣದ ಸ್ಟ್ಯಾಂಡ್ ತರುತ್ತೇನೆ, ನಿದ್ದೆ ಬಂದರೆ ಒಳಗೆ ಬಂದು ಮಂಚದ ಮೇಲೆ ಮಲಗುತ್ತೇನೆ ಎಂದು ನಾನು ಮಾತು ಕೊಟ್ಟೆ. ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಹೊಗೆ ತೆಳುವಾಗಿ, ನಿಂತೇ ಹೋಯಿತು. ಅಷ್ಟರಲ್ಲಿ ಕಾರ್ಕಳದ ಇನ್ನೊಂದು ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಅವಳ ಮುಖ ನೋಡಿದ. ಶಶಿ ಎದ್ದು ನಿಂತಳು. ಅವಳು ಕೈ ಎತ್ತಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಯಿಂದ ಗಾಲಿಯ ಸ್ಪ್ಯಾನರ್ ಕೊಡಿ ಎಂದಳು. ಹಿರಿಯಡ್ಕದ ಪೇಟೆಯೆದುರು, ಸೊಂಟನೋವಿನ ಹೆಂಗಸು ಒಂದೊಂದೇ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನಟ್ಟುಗಳನ್ನು ಪರೀಕ್ಷಿಸತೊಡಗಿದಳು. ನಾನು ಮಾಡುತ್ತೇನೆಂದರೆ ಬಿಡಲಿಲ್ಲ. ಹದಿನಾರು ನಟ್ಟು. ಸ್ಪ್ಯಾನರಿನ ಮೇಲೆ ಮೈಭಾರ ಹಾಕಿ ಒತ್ತಿ, ಅಲ್ಲಾಡದಿದ್ದರೆ ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಪಕ್ಕದಲ್ಲಿ ಪರೀಕ್ಷೆಗೆ ನಿಂತ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದೆ. ಮುಂದಿನ ಎಡಗಾಲಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಬೊಬ್ಬೆ ಎದ್ದ ಮೇಲೆ ನಾನು ನಟ್ಟುಗಳನ್ನು ಮುಟ್ಟಿರಲಿಲ್ಲ. ಅದರ ಮೂರನೆಯ ನಟ್ಟು ಅವಳ ಕೈಯಲ್ಲಿ ಕಾಲು ಸುತ್ತು ತಿರುಗಿತು. ನಾವಿಬ್ಬರೂ ಅದನ್ನು ನೋಡಿದೆವು. ಅವಳು ಅದನ್ನು ಇನ್ನು ತಿರುಗದಷ್ಟು ಬಿಗಿ ಮಾಡಿ, ನಾಲ್ಕನೆಯದನ್ನೂ ನೋಡಿ, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟಳು.

“ಈಗ ಸರಿಯುಂಟು,” ಎಂದಳು.

ಕೈ ಒರೆಸಿಕೊಂಡು ಎಡಗಡೆಯ ಬಾಗಿಲು ತೆರೆದು, ಬೆಕ್ಕಿನ ಕೂದಲನ್ನು ಸೆರಗಿನಿಂದ ಕೊಡವಿ ಕೂತಳು. ನಿಧಾನ ಹೋಗುವ, ಅಕ್ಕ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು. ನಾನು ನಿಧಾನವಾಗಿ ಹೊರಟೆ. ಸ್ವಲ್ಪ ದೂರ ಅವಳ ಎಡಗೈ ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಮಾತಾಡಿದರೆ ಗಾಲಿ ಬಿದ್ದೀತೆಂಬ ಭಯ ನನಗೆ. ಬೈಲೂರು ದಾಟಿದ ಮೇಲೆ ಫ್ಯಾನು ಹಾಕಲೇ ಎಂದು ಕೇಳಲು ತಿರುಗಿದೆ. ಅವಳ ಕೈ ಹಿಡಿಕೆಯನ್ನು ಬಿಟ್ಟು ಮಡಿಲಲ್ಲಿ ಬಿದ್ದಿತ್ತು, ತಲೆ ಗಾಜಿಗೆ ಒರಗಿತ್ತು. ಅವಳು ನಿದ್ದೆ ಹೋಗಿದ್ದಳು.